ನಿಮಗೆ ಸೇರದ ಕಾದಂಬರಿ ಯಾವುದು?

ಪೀಣ್ಯದಲ್ಲಿ ಸಾಹಿತ್ಯದ ಮಾತಾಡುವವರು ಯಾರಿದ್ದಾರೆ ಎಂದು ಬಸವನಗುಡಿಯ ನೆಂಟರು ಆಗಾಗ ಕೇಳುತ್ತಾರೆ. ಅವರು ಕಂಡ ಪೀಣ್ಯವೆಂದರೆ ತುಮಕೂರು ರಸ್ತೆಯ ಲಾರಿಗಳು, ಧೂಳು, ಮೇಲ್ಸೇತುವೆ. 2014ರಲ್ಲಿ ಮೆಟ್ರೊ ಶುರುವಾದ ಮೇಲೆ ಅದರ ಕಿಟಕಿಯಿಂದ ಕಾಣುವ ಶೀಟಿನ ಸೂರುಗಳು. ಆ ಸೂರುಗಳ ಕೆಳಗೆ ಲೇತ್ ಮುಂದೆ, ಹೊಲಿಗೆ ಯಂತ್ರದ ಮುಂದೆ ಇರುವವರು ರಾಯಚೂರಿನಿಂದ ಚಾಮರಾಜನಗರದವರೆಗೆ ಎಲ್ಲೆಲ್ಲಿಂದಲೋ ಬಂದವರು. ಊರು ಬಿಡುವಾಗ ಅವರ ಚೀಲದಲ್ಲಿ ಪುಸ್ತಕ ಇರಲಿಲ್ಲವಾದರೂ ತಲೆಯಲ್ಲಿ ಒಂದೋ ಎರಡೋ ಕಾದಂಬರಿ ಇದ್ದೇ ಇದ್ದವು. ಕಾಲೇಜಿಗೆ ಪಠ್ಯವಾಗಿದ್ದದ್ದು, ಇಲ್ಲವೇ ಊರಿನ ಗ್ರಂಥಾಲಯದಲ್ಲಿ ಕೊನೆಯ ಹಾಳೆ ಹರಿದು ಹೋಗಿದ್ದದ್ದು.

ಎನ್‌ಟಿಟಿಎಫ್ ಸರ್ಕಲ್ ಹತ್ತಿರದ ಟೀ ಅಂಗಡಿಯ ಮುಂದೆ ಶಿಫ್ಟ್ ಬಿಟ್ಟ ಮೇಲೆ ನಾವು ಐದಾರು ಜನ ನಿಲ್ಲುತ್ತೇವೆ. ಇಷ್ಟವಾದ ಕಾದಂಬರಿ ಯಾವುದು ಎಂದು ಕೇಳಿದರೆ ಎಲ್ಲರೂ ಕಾರಂತ, ಕುವೆಂಪು ಎಂದು ಸಂದರ್ಶನಕ್ಕೆ ಬಂದವರ ಹಾಗೆ ಉತ್ತರಿಸುತ್ತಾರೆ. ನಿಮಗೆ ಸೇರದ್ದು ಯಾವುದು ಎಂದು ಕೇಳಿ ನೋಡಿ, ಟೀ ಆರಿಹೋಗುವವರೆಗೆ ಮಾತು ನಿಲ್ಲುವುದಿಲ್ಲ. ಯಾಕೆ ಸೇರಲಿಲ್ಲ ಎಂದು ಹೇಳಬೇಕಾದರೆ ಪುಸ್ತಕವನ್ನು ನಿಜವಾಗಿ ಓದಿರಬೇಕಲ್ಲ.

ನಮ್ಮ ಟರ್ನರ್ ಗೆಳೆಯನಿಗೆ ಅನಂತಮೂರ್ತಿಯವರ ‘ಸಂಸ್ಕಾರ’ ಆಗುವುದಿಲ್ಲ. “ಒಂದು ಹೆಣ ಎತ್ತೋಕೆ ಅಷ್ಟು ಪುಟ ಬೇಕಾ ಸಾರ್? ನಮ್ಮೂರಲ್ಲಾಗಿದ್ರೆ ನಾಲ್ಕು ಜನ ಸೇರಿ ಮಧ್ಯಾಹ್ನದೊಳಗೆ ಮುಗಿಸ್ತಿದ್ರು” ಎನ್ನುತ್ತಾನೆ. 1965ರಲ್ಲಿ ಬಂದ ಆ ಪುಸ್ತಕದ ಬಗ್ಗೆ ವಿಮರ್ಶಕರು ಬರೆದದ್ದನ್ನೆಲ್ಲ ನೆನಪಿಸಿಕೊಂಡು ಅವನಿಗೆ ಉತ್ತರ ಕೊಡಬಹುದಿತ್ತು. ಆದರೆ ಅವನ ಆಕ್ಷೇಪಣೆ ಕಾದಂಬರಿಯ ಒಳಗೇ ಇದೆ. ಅಗ್ರಹಾರ ಧರ್ಮಶಾಸ್ತ್ರ ತಿರುವಿಹಾಕುತ್ತಾ ಕೂತಿರುವಾಗ, ಸತ್ತ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಆ ಹೆಣವನ್ನು ರಾತ್ರೋರಾತ್ರಿ ಸುಟ್ಟುಬಿಡುತ್ತಾಳೆ. ಕೆಲಸ ಗೊತ್ತಿದ್ದವರು ಮಾಡಿ ಮುಗಿಸಿದರು, ಅದು ಆಗಿಹೋಗಿದೆ ಎಂಬುದೂ ಕಥಾನಾಯಕರಾದ ಆಚಾರ್ಯರಿಗಾಗಲಿ ಉಳಿದ ಪಂಡಿತರಿಗಾಗಲಿ ತಿಳಿಯಲಿಲ್ಲ. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಕಥೆ ಚಂದ್ರಿದು ಆಗ್ಬೇಕಿತ್ತು, ಆಚಾರ್ರದ್ದಲ್ಲ” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಇಲ್ಲಿನ ಓದುಗರ ಅಳತೆ ಇದೇ ಎಂದು ನನಗೆ ಬರಬರುತ್ತಾ ಖಚಿತವಾಗಿದೆ: ಕಾದಂಬರಿಯಲ್ಲಿ ಕೆಲಸ ಮಾಡುವವರು ಯಾರು, ಕೂತು ಉಣ್ಣುವವರು ಯಾರು, ನೆಲ ಯಾರದ್ದು. ಪ್ರಜ್ಞೆ, ತಂತ್ರ, ನವ್ಯ, ನವೋದಯ ಎಲ್ಲ ಆಮೇಲಿನ ಮಾತು. ಇದು ಒರಟು ಅಳತೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಈ ಅಳತೆಗೆ ಸಿಕ್ಕಿ ಅತಿ ಹೆಚ್ಚು ಜಗಳ ಎಬ್ಬಿಸಿದ್ದು ಕಾರಂತರ ‘ಮರಳಿ ಮಣ್ಣಿಗೆ’. ನನ್ನ ಪಾಲಿಗೆ ಅದು ಕನ್ನಡದ ದೊಡ್ಡ ಪುಸ್ತಕ. ಪಾರೋತಿ, ಸರಸೋತಿಯರು ಸವೆದ ಬದುಕು, ನಾಗವೇಣಿಯ ತಾಳ್ಮೆ, ಇಂಗ್ಲಿಷ್ ಕಲಿತು ಮನೆ ಹಾಳು ಮಾಡಿದ ಲಚ್ಚ, ಕೊನೆಗೆ ಮದರಾಸು, ಮುಂಬಯಿ ಸುತ್ತಿ ಕಡಲ ದಂಡೆಯ ಊರಿಗೇ ಮರಳುವ ಮೊಮ್ಮಗ ರಾಮ. ಮೂರು ತಲೆಮಾರು, ಕೋಡಿ ಎಂಬ ಒಂದು ಊರು, ಒಂದು ಸಮುದ್ರ. ಹಾಸನದ ಕಡೆಯ ಫಿಟ್ಟರ್ ಒಬ್ಬರಿಗೂ ಅದು ಪ್ರಾಣ. ಊರಲ್ಲಿ ಅವರಿಗೆ ಎರಡೂವರೆ ಎಕರೆ ಇದೆ. ನಿವೃತ್ತಿಯಾದ ಮೇಲೆ ತೆಂಗು ಹಾಕುತ್ತೇನೆ ಎನ್ನುತ್ತಾರೆ. ಆದರೆ ರಾಯಚೂರು ಕಡೆಯಿಂದ ಬಂದ ಹುಡುಗ ಒಂದು ಸಂಜೆ ಕಡ್ಡಿ ಮುರಿದಂತೆ ಹೇಳಿದ: “ಆ ರಾಮಗ ಮರಳಿ ಹೋಗಾಕ ಮಣ್ಣಿತ್ತರೀ ಸರ. ನಮಗೆಲ್ಲೈತಿ? ನನಗ ಚೋಮನ ದುಡಿನೇ ಖರೆ ಅನಸ್ತದ.”

ನಾನು ಆ ಎರಡು ಪುಸ್ತಕಗಳನ್ನು ಹೀಗೆ ಎದುರುಬದುರು ಇಟ್ಟು ನೋಡಿರಲೇ ಇಲ್ಲ. ‘ಚೋಮನ ದುಡಿ’ 1933ರದ್ದು. ಅದಾಗಿ ಹತ್ತು ವರ್ಷ ತುಂಬುವ ಮೊದಲೇ ಅದೇ ಲೇಖಕರು, ಅದೇ ಜಿಲ್ಲೆಯಲ್ಲಿ ಕೂತು ‘ಮರಳಿ ಮಣ್ಣಿಗೆ’ ಬರೆದರು. ಒಂದರಲ್ಲಿ ಜೋಡಿ ಎತ್ತು ಸಾಕಿಕೊಂಡೂ ಉಳಲು ಅಂಗೈಯಗಲ ಗದ್ದೆ ಸಿಗದೆ, ಹುಟ್ಟಿದ ಜಾತಿಯ ಕಾರಣಕ್ಕೆ ಬೇಸಾಯದ ಆಸೆಯನ್ನು ದುಡಿಗೆ ಬಡಿದು ಸತ್ತ ಚೋಮ. ಇನ್ನೊಂದರಲ್ಲಿ ಬಿಟ್ಟುಬಂದ ನೆಲ ಕೈಬೀಸಿ ಕರೆಯುವ ರಾಮ. ಚೋಮನ ಗಂಡುಮಕ್ಕಳು ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದವರು. ಗುತ್ತಿಗೆದಾರನ ಮುಂಗಡ ಪಡೆದು ಊರು ಬಿಟ್ಟು ಬಂದ ಹುಡುಗ ಆ ಪುಟಗಳನ್ನು ಓದುವ ಬಗೆಯೇ ಬೇರೆ. ಫಿಟ್ಟರ್ ಮತ್ತೆ ರಾಮನ ಪರ ವಾದಿಸಿದರು: ಅವನು ಬರೀ ಆಸ್ತಿಗಾಗಿ ಬರಲಿಲ್ಲ, ಅಮ್ಮ ಇದ್ದಳು, ಕಡಲು ಇತ್ತು ಎಂದರು. ಹುಡುಗ ಬಿಡಲಿಲ್ಲ. ಆ ಸಂಜೆ ಇಬ್ಬರದೂ ಸರಿ ಎಂದು ತೀರ್ಪು ಕೊಡುವುದು ಸುಲಭವಿತ್ತು. ನಾನು ಹುಡುಗನ ಕಡೆ ನಿಂತೆ. ನನಗೆ ಹೆಚ್ಚು ಪ್ರಿಯವಾದ ಪುಸ್ತಕ ಇನ್ನೂ ‘ಮರಳಿ ಮಣ್ಣಿಗೆ’ಯೇ, ಆದರೆ ಹೆಚ್ಚು ಸತ್ಯವಾದ ಪುಸ್ತಕ ‘ಚೋಮನ ದುಡಿ’.

ಎಚ್‌ಎಂಟಿಯಿಂದ ನಿವೃತ್ತರಾಗಿ ಜಾಲಹಳ್ಳಿ ಕಡೆಯಿಂದ ನಡೆದು ಬರುವ ಹಿರಿಯರೊಬ್ಬರಿದ್ದಾರೆ. ಅವರಿಗೆ ನಮ್ಮ ಜಗಳಗಳೆಲ್ಲ ಸಪ್ಪೆ. ಅವರ ಯೌವನದಲ್ಲಿ ಅನಕೃ ಕಾದಂಬರಿಗಳ ಮೇಲೆ ಮನೆಮನೆಯಲ್ಲಿ ವ್ಯಾಜ್ಯ ನಡೆಯುತ್ತಿತ್ತಂತೆ. 1950ರ ದಶಕದಲ್ಲಿ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಅಶ್ಲೀಲವೆಂದು ಗುಲ್ಲೆದ್ದಾಗ ಅನಕೃ ಸುಮ್ಮನಾಗದೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಓದುಗರಿಗೆ ಸಿಟ್ಟು ಬಂದರೆ ಲೇಖಕ ಒಂದು ಪುಸ್ತಕದಷ್ಟು ಮಾತಾಡಬೇಕಾಗಿತ್ತು! ಅಂಥ ಸಿಟ್ಟು ಸಾಹಿತ್ಯಕ್ಕೆ ಸಲ್ಲುವ ದೊಡ್ಡ ಗೌರವ ಎಂದು ನಾನು ನಂಬಿದ್ದೇನೆ.

ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವ ಅಕ್ಕ ಒಬ್ಬರು ಭೈರಪ್ಪನವರ ‘ವಂಶವೃಕ್ಷ’ದ ಮೇಲೆ ಇಟ್ಟುಕೊಂಡಿರುವ ಸಿಟ್ಟು ಆ ಜಾತಿಯದು. ಶ್ರೋತ್ರಿಗಳ ಪಾತ್ರಕ್ಕೆ ಅವರೂ ಕೈಮುಗಿಯುತ್ತಾರೆ. ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೆ ಆ ಮುದುಕ ಎಲ್ಲ ಬಿಟ್ಟು ಹೊರಡುವ ಭಾಗವನ್ನು ಎಷ್ಟೋ ಸಲ ಓದಿದ್ದಾರೆ. ಆದರೆ ಮರುಮದುವೆಯಾದ ಕಾತ್ಯಾಯನಿಗೆ ಗರ್ಭಪಾತದ ಮೇಲೆ ಗರ್ಭಪಾತ, ಕೊನೆಗೆ ಸಾವು. “ವಿಧವೆ ಮದುವೆಯಾದ್ರೆ ಸಾಯ್ಲೇಬೇಕಾ? ನಮ್ಮ ಲೈನ್‌ನಲ್ಲಿ ಎರಡನೇ ಮದುವೆಯಾಗಿ ಚೆನ್ನಾಗಿರೋರು ಎಷ್ಟು ಜನ ಬೇಕು ನಿಮಗೆ?” ಎಂದು ಕೇಳುತ್ತಾರೆ. ಅವರ ಪ್ರೀತಿಯ ಪುಸ್ತಕ ತ್ರಿವೇಣಿಯವರ ‘ಶರಪಂಜರ’. ಅಲ್ಲಿಯೂ ಕಾವೇರಿ ಗೆಲ್ಲುವುದಿಲ್ಲ, ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನು ಮನೆಯವರು ಮತ್ತೆ ಹುಚ್ಚಿಯನ್ನಾಗಿ ಮಾಡುತ್ತಾರೆ. ಹಾಗಾದರೆ ವ್ಯತ್ಯಾಸವೇನು ಎಂದು ನಾವು ಪಟ್ಟು ಹಿಡಿದೆವು. ತ್ರಿವೇಣಿ ತಪ್ಪು ಯಾರದ್ದೆಂದು ತೋರಿಸುತ್ತಾರೆ, ಭೈರಪ್ಪ ತೋರಿಸುವುದಿಲ್ಲ ಎಂದರು. ಭೈರಪ್ಪನವರ ಅಭಿಮಾನಿಗಳು ನಮ್ಮಲ್ಲಿ ಇಬ್ಬರಿದ್ದಾರೆ, ಕಾತ್ಯಾಯನಿಯನ್ನು ಕೊಂದದ್ದು ಅವಳೊಳಗಿನ ಇಬ್ಬಂದಿತನವೇ ಹೊರತು ಲೇಖಕರಲ್ಲ ಎಂಬುದು ಅವರ ವಾದ. ಆ ವಾದಕ್ಕೆ ತೂಕವಿದೆ. ನನ್ನ ಮನಸ್ಸು ಮಾತ್ರ ಅಕ್ಕನ ಕಡೆಗೇ ವಾಲುತ್ತದೆ.

‘ಕುಸುಮಬಾಲೆ’ ಓದಲಿಕ್ಕೇ ಆಗುವುದಿಲ್ಲ ಎಂದು ಒಬ್ಬರು ದೂರಿದ ದಿನ ನಂಜನಗೂಡಿನ ಕಡೆಯ ವೆಲ್ಡರ್ ಪುಸ್ತಕ ತಂದು, ಅಂಗಡಿಯ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಓದಿದ. ದೇವನೂರ ಮಹಾದೇವ 1984ರಲ್ಲಿ ಬರೆದ ಆ ಗದ್ಯವನ್ನು ಎಲ್. ಬಸವರಾಜು ಅವರು ಪದ್ಯದ ಸಾಲುಗಳಾಗಿ ಬಿಡಿಸಿ ತೋರಿಸಿದ್ದು ಯಾಕೆಂದು ಆಗ ನಮಗೆ ಅರ್ಥವಾಯಿತು. ದೂರಿದವರು ಪುಸ್ತಕ ಕಡ ಕೇಳಿ ತೆಗೆದುಕೊಂಡು ಹೋದರು.

ಇಷ್ಟೆಲ್ಲ ಜಗಳದಲ್ಲಿ ಮಲೆನಾಡು ಬಂತು, ಕರಾವಳಿ ಬಂತು, ಅಗ್ರಹಾರ, ಹೊಲಗೇರಿ ಬಂದವು. ಕಾರ್ಖಾನೆ ಎಲ್ಲಿ? ನಾವು ಎಣಿಸಿ ನೋಡಿದಾಗ ಕೈಗೆ ಸಿಕ್ಕಿದ್ದು ಮುಂಬಯಿ ಕನ್ನಡಿಗರು. ಯಶವಂತ ಚಿತ್ತಾಲರು ಪ್ಲಾಸ್ಟಿಕ್ ಉದ್ಯಮದ ತಂತ್ರಜ್ಞರಾಗಿದ್ದೇ 1979ರಲ್ಲಿ ‘ಶಿಕಾರಿ’ ಕೊಟ್ಟರು. ಕಂಪನಿಯವರೇ ಹೂಡಿದ ಬಲೆಯಲ್ಲಿ ಸಿಕ್ಕಿಬಿದ್ದು, ತನ್ನ ತಪ್ಪೇನೆಂದು ತಿಳಿಯದೆ ಒದ್ದಾಡುವ ನಾಗಪ್ಪನನ್ನು ಇಲ್ಲಿನ ಯಾವ ಮ್ಯಾನೇಜರನೂ ತನ್ನವನೆಂದು ಗುರುತಿಸಬಲ್ಲ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾರ್ಮಿಕರು ಮತ್ತು ಆಡಳಿತದ ತಿಕ್ಕಾಟವನ್ನೇ ಹಿಡಿಯಿತು, ಅದಕ್ಕೆ 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಎರಡೂ ನಮ್ಮ ಬೆಂಚಿನ ಮೇಲೆ ಮೆಚ್ಚುಗೆ ಪಡೆದವು. ಆದರೆ ಅವು ಅರಬ್ಬಿ ಸಮುದ್ರದ ದಂಡೆಯವು, ತುಮಕೂರು ರಸ್ತೆಯವಲ್ಲ.

2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇದೇ ರಸ್ತೆಗೆ ಸಾವಿರಗಟ್ಟಲೆ ಇಳಿದರು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂಬ ನಿಯಮದ ವಿರುದ್ಧ ಎದ್ದ ಸಿಟ್ಟು ಅದು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. ನಾನು ಆ ಅಕ್ಕನಿಗೆ, ಇದು ಮುನ್ನೂರು ಪುಟದ ಕಾದಂಬರಿ ಆಗಬೇಕು, ಯಾರಾದರೂ ಬರೆಯಬೇಕು ಎಂದೆ.

“ಬರೀಲಿ ಸಾರ್. ಬರೆದೋರು ಬಾಬಿನ್ ದಾರ ಮುಗಿದಾಗ ಟಾರ್ಗೆಟ್ ಏನಾಗುತ್ತೆ ಅಂತ ತಿಳ್ಕೊಂಡಿರ್ಬೇಕು, ಇಲ್ದಿದ್ರೆ ಮೊದಲನೇ ಪುಟದಲ್ಲೇ ಹಿಡೀತೀನಿ” ಎಂದು ಅವರು ಬಸ್ಸು ಹತ್ತಿದರು.