ತಲಪಾಡಿ ದಾಟಿದ ಪುಟ್ಟ ಕಾರು

ಮಂಗಳೂರಿನಲ್ಲಿ ಕೊಂಡ ಹಳೆಯ ಸ್ಯಾನ್ ಸ್ಟಾರ್ಮ್ ಕಾರಿನಲ್ಲಿ ಮಗಳೊಡನೆ ಕಾಸರಗೋಡಿಗೆ ಹೊರಟಾಗ ತಲಪಾಡಿಯಲ್ಲೇ ಮಳೆ ಹಿಡಿಯಿತು. ಎರಡೇ ಆಸನ, ಬಟ್ಟೆಯ ಮಾಡು, ಫೈಬರಿನ ಮೈ, ರೆನೋ ಎಂಜಿನ್. “ಇದಕ್ಕೆ ತುಕ್ಕು ಹಿಡಿಯುವ ಮಾತೇ ಇಲ್ಲ” ಎಂದಿದ್ದರು ಮಾರಿದವರು. ಫೈಬರಿನ ಮಟ್ಟಿಗೆ ಅದು ಸತ್ಯ. ಅಡಿಯ ಉಕ್ಕಿನ ಚಾಸಿಗೆ ನಮ್ಮ ಕರಾವಳಿಯ ಉಪ್ಪುಗಾಳಿಯಿಂದ ವಿನಾಯಿತಿಯಿಲ್ಲ. ಮೆಕ್ಯಾನಿಕರೊಡನೆ ಅಡಿಗೆ ನುಸುಳಿ, ಟಾರ್ಚು ಹಿಡಿದು ನೋಡಿದ ಮೇಲೆಯೇ ಬೆಲೆಯ ಮಾತಾಡಿದ್ದೆ.

ಕಾಗದಪತ್ರಗಳ ವೆಚ್ಚವೂ ಲೆಕ್ಕಕ್ಕೆ ಬರಬೇಕು. ಹೊರರಾಜ್ಯದ ವಾಹನಕ್ಕೆ ನಿರಾಕ್ಷೇಪಣಾ ಪತ್ರ. 30 ದಿನಗಳೊಳಗೆ ಹೆಸರು ವರ್ಗಾವಣೆಗೆ ಅರ್ಜಿ. 12 ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಕೇರಳದ ನೋಂದಣಿ, ಇಲ್ಲಿಯ ತೆರಿಗೆ. 15 ವರ್ಷ ದಾಟಿದ ಕಾರಾದುದರಿಂದ ಐದೈದು ವರ್ಷಕ್ಕೊಮ್ಮೆ ನವೀಕರಣ ಬೇರೆ. ಇವನ್ನೆಲ್ಲ ಮರೆತು ಕೊಂಡವರ ಕಡತಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ಮಂಜೇಶ್ವರ, ಉಪ್ಪಳ ಕಳೆದು ಶಿರಿಯಾ ಹೊಳೆಯ ಸೇತುವೆಗೆ ಬರುವಷ್ಟರಲ್ಲಿ ಮಾಡು ಸೋರತೊಡಗಿತು. ಮೂಲಪತ್ರಗಳ ಕಡತವನ್ನು ರೈನ್‌ಕೋಟಿನೊಳಗೆ ಅವುಚಿಕೊಂಡ ಮಗಳು, “ಅಪ್ಪಾ, ಕೊಡೆ ಬಿಡಿಸಲೇ?” ಎಂದಳು. ಕುಂಬಳೆ ದಾಟಿದ ಮೇಲೆ ಮಳೆ ಬಿಟ್ಟಿತು. ಮಾಡನ್ನು ಮಡಚಿದೆವು. ಮೊಗ್ರಾಲಿನ ತೋಯ್ದ ತೆಂಗುಗಳ ನಡುವೆ ಆ ಪುಟ್ಟ ಕಾರು ಓಡಿದ ಬಗೆಗೆ ಕೊಟ್ಟ ಹಣವೆಲ್ಲ ಸಂದಂತಾಯಿತು.

ಹೊಸ ಮಾಡನ್ನು ಕಾಸರಗೋಡಿನ ಆಟೋರಿಕ್ಷಾ ಹುಡ್ ಹೊಲಿಯುವವರೊಬ್ಬರು ಹೊಲಿದುಕೊಟ್ಟರು. ಮಳೆಗಾಲ ಮುಗಿದೊಡನೆ ಅಡಿಯನ್ನು ಸಿಹಿನೀರಿನಲ್ಲಿ ತೊಳೆಸಿ, ತುಕ್ಕುನಿರೋಧಕ ಬಳಿಸುತ್ತೇನೆ. ಕಡತ ಈಗಲೂ ಮಗಳ ಸುಪರ್ದಿನಲ್ಲಿದೆ.