ಕಾರ್ಖಾನೆ ಹೋದ ಮೇಲೆ ಊರಿನ ಪಾಡು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಗೇಲ್ಸ್‌ಬರ್ಗ್ ಅಂತ ಒಂದು ಸಣ್ಣ ಊರು. ಅಲ್ಲಿನ ಮೇಟ್ಯಾಗ್ ಫ್ರಿಜ್ ಕಾರ್ಖಾನೆ 2004ರಲ್ಲಿ ಬಾಗಿಲು ಹಾಕಿತು. ಸುಮಾರು 1,600 ಜನರ ಕೆಲಸ ಹೋಯಿತು. ತಯಾರಿಕೆ ಮೆಕ್ಸಿಕೋದ ರೇನೋಸಾಗೆ ಸ್ಥಳಾಂತರವಾಯಿತು. ರೇನೋಸಾದ ಕಾರ್ಮಿಕರನ್ನು ದೂರಲು ನನಗೆ ಮನಸ್ಸಿಲ್ಲ, ಅವರ ಮನೆಯ ಒಲೆಯೂ ಉರಿಯಬೇಕಲ್ಲ.

ನನ್ನ ತಕರಾರು ಅರ್ಥಶಾಸ್ತ್ರ ಕೊಟ್ಟ ಭರವಸೆಯ ಬಗ್ಗೆ. ದೇಶಗಳ ನಡುವೆ ವ್ಯಾಪಾರ ಮುಕ್ತವಾದರೆ ಸಾಮಾನು ಅಗ್ಗವಾಗುತ್ತದೆ, ಕೆಲಸ ಕಳೆದುಕೊಂಡವರು ಬೇರೆ ಕಡೆ ಬೇರೆ ಕೆಲಸ ಹಿಡಿಯುತ್ತಾರೆ ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಾ ಬಂದರು. ಸಾಮಾನೇನೋ ಅಗ್ಗವಾಯಿತು. ಆದರೆ ಇದೇ ರೀತಿ ಚೀನಾದ ಆಮದಿನಿಂದ ಪೆಟ್ಟು ತಿಂದ ಅಮೆರಿಕದ ಊರುಗಳನ್ನು ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ ಕಂಡದ್ದೇ ಬೇರೆ. ಜನ ಅಷ್ಟಾಗಿ ಊರು ಬಿಡಲಿಲ್ಲ. ಸಂಬಳ ಕುಸಿಯಿತು, ಸರ್ಕಾರದ ಅಂಗವೈಕಲ್ಯ ಭತ್ಯೆಗೆ ಮೊರೆಹೋದವರು ಹೆಚ್ಚಿದರು. ಸ್ವಂತ ಮನೆ, ವಯಸ್ಸಾದ ತಂದೆತಾಯಿ, ಶಾಲೆಗೆ ಹೋಗುವ ಮಕ್ಕಳು, ಇವನ್ನೆಲ್ಲ ಬಿಟ್ಟು ಐವತ್ತರ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು?

ಲಾಭ ದೇಶದ ತುಂಬ ಹಂಚಿಹೋಗುತ್ತದೆ, ಒಬ್ಬೊಬ್ಬರಿಗೆ ನಾಲ್ಕು ಕಾಸು. ನಷ್ಟ ಮಾತ್ರ ಒಂದೇ ಊರಿನ ತಲೆಯ ಮೇಲೆ ಬೀಳುತ್ತದೆ. ಕಾರ್ಖಾನೆಯ ಸಂಬಳ ನಂಬಿದ್ದ ಹೋಟೆಲು, ಕ್ಷೌರದಂಗಡಿ, ತೆರಿಗೆ ನಂಬಿದ್ದ ಶಾಲೆ, ಎಲ್ಲಕ್ಕೂ ಅದರ ಬಿಸಿ.

ಹೀಗಾದೀತೆಂದು ಗೊತ್ತಿದ್ದೇ ಅಮೆರಿಕ 1962ರಲ್ಲಿ ಆಮದಿನಿಂದ ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ತರಬೇತಿ, ಭತ್ಯೆ ಕೊಡುವ ಯೋಜನೆ ಮಾಡಿತ್ತು. 2022ರ ಜುಲೈಯಲ್ಲಿ ಅದರ ಅವಧಿ ಮುಗಿದು, ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತಿತು. ಅಗ್ಗದ ಸಾಮಾನಿನ ಲಾಭ ಉಣ್ಣುವ ದೇಶ ಇಷ್ಟನ್ನಾದರೂ ಉಳಿಸಿಕೊಳ್ಳಬೇಕಿತ್ತು.