ಮಾಳಮಡ್ಡಿಯ ಹಿತ್ತಿಲ ಗೋಡೆ

ಕಳೆದ ವರ್ಷದ ಆಷಾಢದಲ್ಲಿ ಒಂದು ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ‘ಚಿಗರಿ’ ಬಸ್ಸನ್ನು ಹತ್ತಿದೆನು. ಉಣಕಲ್ಲ ಕೆರೆಯ ಮೇಲೆ ಮೋಡ ಕವಿದಿತ್ತು. ನವನಗರ, ರಾಯಾಪುರ, ಸತ್ತೂರುಗಳನ್ನು ದಾಟಿ, ಪೇರಲಹಣ್ಣಿಗೆ ಹೆಸರಾದ ನವಲೂರಿನ ಹತ್ತಿರ ಬರುವಷ್ಟರಲ್ಲಿ ಮಳೆಯು ಕಿಟಕಿಯ ಗಾಜಿಗೆ ಹತ್ತಿತು. ಎರಡೂ ಊರುಗಳ ನಡುವಿನ ಅಂತರವು ಸುಮಾರು 20 ಕಿಲೋಮೀಟರು ಮಾತ್ರ. ಆದರೆ ಮಳೆಯ ಸ್ವಭಾವದಲ್ಲಿ ಎಷ್ಟು ಭೇದ! ಹುಬ್ಬಳ್ಳಿಯ ಮಳೆಯು ವ್ಯಾಪಾರಿಯಂತೆ ಬಂದು ತನ್ನ ಕೆಲಸ ಮುಗಿಸಿಕೊಂಡು ಹೋಗುವದು. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಮಳೆಯಾದರೋ ಬೀಗರಂತೆ ಬಂದು ಕುಳಿತುಬಿಡುವದು. ಈ ಎರಡು ಊರುಗಳನ್ನು ಕೂಡಿಸಿ 1962ರಲ್ಲಿ ಒಂದೇ ಮಹಾನಗರಪಾಲಿಕೆಯನ್ನು ಮಾಡಿದರು. ಅಂದಿನಿಂದಲೂ ‘ಎಲ್ಲಾ ಹುಬ್ಬಳ್ಳಿಗೇ ಹೋಯಿತು’ ಎಂದು ಧಾರವಾಡದವರು ಗೊಣಗುತ್ತಲೇ ಬಂದರು. ಕೊನೆಗೆ 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆಯಾಗಲೆಂದು ರಾಜ್ಯದ ಸಚಿವ ಸಂಪುಟವು ಒಪ್ಪಿತು. ನೆರೆಹೊರೆಯ ವ್ಯವಹಾರವು ಊರುಗಳಿಗೇ ಇಷ್ಟು ಕಠಿಣವಾದರೆ ಮನೆಗಳ ಪಾಡೇನು! ನಾನು ಹೇಳಹೊರಟಿರುವದು ಅಂಥ ಎರಡು ಮನೆಗಳ ಸಂಗತಿಯನ್ನೇ.

ಧಾರವಾಡವನ್ನು ಬೀದಿಯಿಂದ ನೋಡಿ ಹೋದವರಿಗೆ ಅದರ ಗುಟ್ಟು ತಿಳಿಯಲಾರದು. ಅದನ್ನು ಹಿತ್ತಿಲಿನಿಂದಲೇ ನೋಡಬೇಕು. ಮಾಳಮಡ್ಡಿಯ ಹಳೆಯ ಓಣಿಗಳಲ್ಲಿ ಮುಂದೆ ಸಣ್ಣ ಕಟ್ಟೆ, ಮಂಗಳೂರ ಹೆಂಚಿನ ಮಾಡು, ನಡುಮನೆ, ಅಡಿಗೆಮನೆ. ಇವೆಲ್ಲವನ್ನು ದಾಟಿ ಬಚ್ಚಲಿನ ಬಾಗಿಲು ತೆರೆದೊಡನೆ ಇನ್ನೊಂದು ಪ್ರಪಂಚ. ಬಾವಿ, ತುಳಸಿಕಟ್ಟೆ, ಒಂದು ಲಿಂಬಿ, ಒಂದು ನುಗ್ಗಿ, ಕರಿಬೇವು, ಮೆಂತ್ಯದ ಎರಡು ಮಡಿ. ಇತ್ತೀಚೆಗೆ ಈ ಹಿತ್ತಿಲುಗಳಲ್ಲಿ ಬಹಳಷ್ಟು ಅಳಿದುಹೋಗಿ ಅಲ್ಲಿ ಮೂರು ಅಂತಸ್ತಿನ ಮನೆಗಳೆದ್ದಿವೆ. ಉಳಿದವುಗಳಲ್ಲಿ ನಮ್ಮ ಅಕ್ಕನದೊಂದು.

ಅಕ್ಕನ ಯಜಮಾನರು ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿದ್ದು ನಿವೃತ್ತರಾಗಿ ತೀರಿಕೊಂಡರು. ಮಕ್ಕಳು ದೂರ. ಮನೆಯಲ್ಲಿ ಒಬ್ಬಳೇ ಇರಲಾರದೆ ಆಕೆ ಕಲಘಟಗಿಯ ಕಡೆಯ ಒಂದು ಹಳ್ಳಿಯಿಂದ ಬುಟ್ಟಿಯಲ್ಲಿ ಆರು ಹ್ಯಾಟಿಗಳನ್ನೂ ಒಂದು ಹುಂಜವನ್ನೂ ತರಿಸಿದಳು. ಮೊದಲು ಹೊತ್ತು ಹೋಗಲೆಂದು ತಂದವು ಮೆಲ್ಲಗೆ ಅವಳ ಔಷಧದ ಖರ್ಚನ್ನು ನೀಗತೊಡಗಿದವು. ನಾಟಿ ಕೋಳಿಯ ತತ್ತಿಗೆ ಪೇಟೆಯ ತತ್ತಿಗಿಂತ ಬೆಲೆ ಹೆಚ್ಚು, ಗಿರಾಕಿಗಳು ಮನೆಗೇ ಬರುತ್ತಾರೆ. ಜೋಳದ ನುಚ್ಚು ಹಿಡಿದು ಅವಳು ‘ಬಾ ಬಾ’ ಎಂದಾಗ ಅವು ರೆಕ್ಕೆ ಬಡಿಯುತ್ತ ಓಡಿಬರುವದನ್ನು ನೋಡಬೇಕು! ಅವುಗಳಲ್ಲಿ ಮೂರರ ಕಾಲು ಅರಿಸಿಣದ ಬಣ್ಣದವು. ಊರಕೋಳಿಯ ಮೂಲವು ಕೆಂಪು ಕಾಡುಕೋಳಿಯಾದರೂ, ಈ ಹಳದಿ ಬಣ್ಣವು ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಇರುವ ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಇದನ್ನು ಅಕ್ಕನಿಗೆ ಹೇಳಿದಾಗ, “ಹಂಗಾದ್ರ ಇವು ದಾಂಡೇಲಿ ಕಡೆಯ ಬೀಗರು ಅನ್ನು,” ಎಂದು ನಕ್ಕಳು.

ನೆರೆಮನೆಯವರು ನಿವೃತ್ತ ಕನ್ನಡ ಮಾಸ್ತರರು. ವಯಸ್ಸು ಎಪ್ಪತ್ತೈದು ದಾಟಿದೆ. ಸಾತ್ವಿಕರು, ಶುಚಿವಂತರು; ತತ್ತಿಯ ಸಿಪ್ಪೆಯನ್ನು ಕಂಡರೂ ಮುಖ ತಿರುಗಿಸುವರು. ಎರಡು ಮನೆಗಳಿಗೂ ನಲವತ್ತು ವರುಷಗಳ ಬಳಕೆ. ಅಕ್ಕನ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವರು ಅವರೇ. ಆದರೆ ನಾನು ಹೋಗುವ ಹೊತ್ತಿಗೆ ಎರಡು ಮನೆಗಳ ನಡುವೆ ಆರು ತಿಂಗಳಿಂದ ಮಾತಿರಲಿಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲವೂ ಗೋಡೆ ದಾಟಿರಲಿಲ್ಲ.

ಮರುದಿನ ನಸುಕಿನ ನಾಲ್ಕೂವರೆಗೆ ನನ್ನ ತಲೆಯ ಹತ್ತಿರವೇ ಎಂಬಂತೆ ಹುಂಜವು ಕೂಗಿತು. ಸ್ಟೇಶನ್ನಿನ ಕಡೆಯಿಂದ ರೈಲು ಸಿಳ್ಳು ಹಾಕಿತು. ಓಣಿಯ ತುದಿಯಲ್ಲಿ ಯಾರೋ ತಂಬೂರಿ ಶ್ರುತಿ ಮಾಡುತ್ತಿದ್ದರು; ಧಾರವಾಡದಲ್ಲಿ ಅದೇನೂ ಸೋಜಿಗವಲ್ಲ. ಹುಂಜವು ಮಾತ್ರ ಯಾವ ಶ್ರುತಿಗೂ ಸೇರದೆ ಮತ್ತೆ ಮತ್ತೆ ಕೂಗಿತು. ನೆರೆಮನೆಯ ಕಿಟಕಿಯು ದಡ್ಡೆಂದು ಮುಚ್ಚಿಕೊಂಡ ಸಪ್ಪಳವೂ ಕೇಳಿತು. ಆ ಕಿಟಕಿಯ ಒಳಗೆ ಮಾಸ್ತರರ ಪತ್ನಿ ಮಂಡಿಯ ನೋವಿನಿಂದ ರಾತ್ರಿಯೆಲ್ಲ ನರಳಿ, ಮೂರು ಗಂಟೆಗೆ ಕಣ್ಣು ಮುಚ್ಚುವರೆಂದು ನನಗೆ ತಿಳಿದುದು ಆಮೇಲೆ.

ಆ ದಿವಸ ಸಂಜೆ ಮಾಸ್ತರರು ನನ್ನನ್ನು ಕಟ್ಟೆಗೆ ಕರೆದು, ಒಂದು ಕಾಗದವನ್ನು ಕೈಗಿತ್ತರು. “ನೀವು ಬರಿಯೋ ಮಂದಿ. ಪಾಲಿಕೆಗೆ ಕೊಡೋ ಅರ್ಜಿ ಇದು. ಭಾಷಾ ತಪ್ಪಿದ್ರ ತಿದ್ದಿ ಕೊಡ್ರಿ,” ಎಂದರು. ಅಕ್ಕನ ಮೇಲಿನ ಅರ್ಜಿಯನ್ನು ತಮ್ಮನಿಂದಲೇ ತಿದ್ದಿಸುವದು! ನನಗೆ ನಗೆಯೂ ಬಂತು, ಭಯವೂ ಆಯಿತು. ಆದರೆ ಅವರ ಮುಖದಲ್ಲಿ ಕುಚೇಷ್ಟೆಯಿರಲಿಲ್ಲ. ಕಳಿಸುವ ಮುಂಚೆ ಯಾರಾದರೂ ತಡೆಯಲೆಂಬ ಆಸೆಯು ಇದ್ದಿತೇನೋ.

ಅರ್ಜಿಯಲ್ಲಿ ಒಂದೂ ತಪ್ಪಿರಲಿಲ್ಲ. ಕೂಗು, ನಾತ, ತುಳಸಿಕಟ್ಟೆಯ ಮಣ್ಣು ಕೆದರುವದು, ಹೀಗೆ ಮೂರು ತಕರಾರುಗಳನ್ನು ಅಂಕಿ ಹಾಕಿ ಬರೆದಿದ್ದರು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿಯ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರ ವರೆಗೆ 45 ಡೆಸಿಬೆಲ್ಲಿಗಿಂತ ಹೆಚ್ಚಿನ ಸದ್ದು ಇರಕೂಡದೆಂಬುದನ್ನೂ ಕಾಣಿಸಿದ್ದರು.

ನಾನು ವಾದಕ್ಕಿಳಿದೆನು. ಫ್ರಾನ್ಸ್ ದೇಶದ ಓಲೆರಾನ್ ದ್ವೀಪದಲ್ಲಿ ಮೊರೀಸ್ ಎಂಬ ಹುಂಜದ ಮೇಲೆ ನೆರೆಯವರು ಹೂಡಿದ ದಾವೆಯನ್ನು 2019ರಲ್ಲಿ ನ್ಯಾಯಾಲಯವು ತಳ್ಳಿಹಾಕಿದ್ದನ್ನೂ, ಹಳ್ಳಿಗಾಡಿನ ಸದ್ದು-ವಾಸನೆಗಳನ್ನು ಕಾಪಾಡುವ ಸಲುವಾಗಿ ಅಲ್ಲಿ 2021ರಲ್ಲಿ ಒಂದು ಕಾಯಿದೆಯೇ ಆದುದನ್ನೂ ಹೇಳಿದೆನು. ಮಾಸ್ತರರು ಶಾಂತವಾಗಿ ಕೇಳಿ, “ಅದು ಹಳ್ಳಿ. ಇದು ಶಹರ. ನೀವು ನನ್ನ ಪರವಾಗೇ ಸಾಕ್ಷಿ ಕೊಟ್ರಿ,” ಎಂದರು. ನಲವತ್ತು ವರುಷ ಹುಡುಗರ ಉತ್ತರ ತಿದ್ದಿದ ಕೈ ಅದು, ನಾನು ಸುಮ್ಮನಾದೆನು.

ವಾದ ಬಿಟ್ಟು ವಿಚಾರಕ್ಕೆ ಕುಳಿತ ಮೇಲೆ ಒಂದೊಂದೇ ಗಂಟು ಕಾಣತೊಡಗಿತು. ಹುಂಜಕ್ಕೆ ಬುದ್ಧಿ ಹೇಳಿ ಉಪಯೋಗವಿಲ್ಲ. ಅದು ಬೆಳಕನ್ನು ಕಂಡು ಕೂಗುವದಲ್ಲ. ಅದರ ಮೈಯೊಳಗೇ ಒಂದು ಗಡಿಯಾರವಿದ್ದು, ಬೆಳಗಾಗುವ ಸುಮಾರು ಎರಡು ತಾಸು ಮುಂಚೆಯೇ ಅದು ಕೂಗಿಸುವದೆಂದು ಜಪಾನಿನ ನಾಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿಕೊಟ್ಟರು. ಗೂಡಿಗೆ ಗೋಣಿ ಹೊದಿಸಿದರೂ ಆ ಗಡಿಯಾರವು ನಿಲ್ಲದು. ಹುಂಜವು ಕೊಕ್ಕನ್ನು ಪೂರ್ತಿ ತೆರೆದಾಗ ಅದರ ಕಿವಿಯ ದ್ವಾರವು ತಾನಾಗಿಯೇ ಮುಚ್ಚಿಕೊಳ್ಳುವದೆಂದು ಬೆಲ್ಜಿಯಂ ದೇಶದ ವಿದ್ವಾಂಸರು ಹೇಳಿದ್ದಾರೆ. ಎಂದರೆ ಆ ಕೂಗಿನ ಪೂರ್ಣ ಫಲವು ನೆರೆಯವರಿಗೇ ಮೀಸಲು! ಆದರೆ ಇದೆಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ತತ್ತಿಯಿಡುವದಕ್ಕೆ ಹ್ಯಾಟಿಗೆ ಹುಂಜದ ಹಂಗಿಲ್ಲ. ಮರಿ ಬೇಕಾದರೆ ಮಾತ್ರ ಹುಂಜ ಬೇಕು. ಮನೆಯಲ್ಲಿ ಕೋಳಿ ಸಾಕುವ ಅನೇಕರು ಇದನ್ನು ಅರಿಯರು. ನಮ್ಮ ಅಕ್ಕನೂ ಅರಿತಿರಲಿಲ್ಲ.

ನಾತದ ಕಾರಣವು ಕೋಳಿಯಲ್ಲ, ಮಳೆ. ಗೂಡು ಪಡುವಣ ಮೂಲೆಯಲ್ಲಿದ್ದುದರಿಂದ ಇರಚಲು ನೇರವಾಗಿ ಒಳಗೆ ಬೀಳುತ್ತಿತ್ತು. ಒಣಗಿದ ಹಿಕ್ಕೆಯು ಅಷ್ಟಾಗಿ ನಾರುವದಿಲ್ಲ. ನೆನೆದು ಕೊಳೆತಾಗಲೇ ಅದರಿಂದ ಅಮೋನಿಯ ಹೊರಟು ಮೂಗಿಗೆ ಅಡರುವದು. ಗೂಡನ್ನು ನೆಲದಿಂದ ಎತ್ತರಿಸಿ, ಮೂಡಣ ಗೋಡೆಗೆ ಸರಿಸಿ, ಕೆಳಗೆ ಕಟ್ಟಿಗೆಯ ಹೊಟ್ಟನ್ನು ದಪ್ಪನಾಗಿ ಹರಡಿ, ತೇವವಾದಷ್ಟನ್ನು ದಿನದಿನವೂ ಬಳಿದು ಗೊಬ್ಬರದ ಕುಣಿಗೆ ಹಾಕಿದರೆ ಅರ್ಧಕ್ಕರ್ಧ ತೊಂದರೆ ನೀಗುವದು. ಆ ಗೊಬ್ಬರವನ್ನು ಹಸಿಯಾಗಿಯೇ ಗಿಡಕ್ಕೆ ಹಾಕಬಾರದು, ಬೇರು ಸುಡುವದು. ಕೆಲವು ತಿಂಗಳು ಕಳಿತ ಮೇಲೆ ಗುಲಾಬಿಗೆ ಅದರಂಥ ಗೊಬ್ಬರವಿಲ್ಲ.

ಮೂರನೆಯ ತಕರಾರಿನ ಮೂಲವನ್ನು ಹುಡುಕಲು ಇಬ್ಬರೂ ಹಿತ್ತಿಲಿಗೆ ಹೋದೆವು. ಎರಡು ಮನೆಗಳ ನಡುವಿನ ಸಾಮಾಯಿಕ ಮಣ್ಣಿನ ಗೋಡೆಯು ಹಿಂದಿನ ಒಂದು ಮಳೆಗಾಲದಲ್ಲಿ ಎರಡು ಮಾರಿನಷ್ಟು ಕುಸಿದು ಬಿದ್ದಿತ್ತು. ಕಟ್ಟಿಸುವ ಖರ್ಚು ಯಾರದೆಂಬುದು ಇತ್ಯರ್ಥವಾಗಿರಲಿಲ್ಲ. ಹ್ಯಾಟಿಗಳು ಆ ಕಿಂಡಿಯಿಂದಲೇ ದಾಟುತ್ತಿದ್ದವು. “ಗ್ವಾಡಿ ಬಿದ್ದಾಗ ನಿಮ್ಮ ಭಾವನವರು ಇದ್ರು. ‘ಮಾಸ್ತರ, ಮುಂದಿನ ತಿಂಗಳ ಕಟ್ಟೋಣು’ ಅಂದ್ರು. ಮುಂದಿನ ತಿಂಗಳ ಅವರ ಇರಲಿಲ್ಲ,” ಎಂದು ಮಾಸ್ತರರು ಹೇಳಿ, ಬಹಳ ಹೊತ್ತು ಬಿದ್ದ ಮಣ್ಣನ್ನೇ ನೋಡುತ್ತ ನಿಂತರು. ಗಂಡ ಸತ್ತ ಮನೆಗೆ ಹೋಗಿ ಗೋಡೆಯ ಲೆಕ್ಕ ಕೇಳುವದು ಹೇಗೆಂದು ಅವರು ಸುಮ್ಮನಿದ್ದರು. ತಾನೊಬ್ಬಳೇ ಎಂದು ಅವರು ಕೈಬಿಟ್ಟರೆಂದು ಅಕ್ಕ ತಿಳಿದಳು. ಈ ಎರಡು ಮೌನಗಳ ನಡುವೆ ಕೋಳಿಗಳು ಓಡಾಡಿದವು.

ನಾಲ್ಕನೆಯದೊಂದು ತಕರಾರು ಅರ್ಜಿಯಲ್ಲಿರಲಿಲ್ಲ. ಅದು ಹೊರಬಿದ್ದುದು ಹೀಗೆ. “ಮೂವತ್ತು ವರ್ಷ ಹುಡುಗೂರಿಗೆ ಜನ್ನನ ಯಶೋಧರ ಚರಿತೆ ಹೇಳೀನಿ,” ಎಂದು ಮಾಸ್ತರರು ತೊಡಗಿದರು. 1209ರಲ್ಲಿ ಮುಗಿದ ಆ ಕಾವ್ಯದ ಕಥೆಯು ಓದುಗರಿಗೆ ನೆನಪಿರಬಹುದು. ಯಶೋಧರನೆಂಬ ಅರಸನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು, ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಗೊಡುವನು. ಕತ್ತಿ ತಾಕಿದೊಡನೆ ಆ ಹಿಟ್ಟಿನ ಕೋಳಿಯೇ ಕೂಗುವದು. ಆ ಸಂಕಲ್ಪದ ಹಿಂಸೆಗಾಗಿ ತಾಯಿ-ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿ, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟುವರು. “ಹಿಟ್ಟಿನ ಕೋಳಿ ಕೂಗಿದ್ದ ನನಗ ತಡಕೋಳ್ಳಾಕ ಆಗ್ತಿರಲಿಲ್ಲ. ಈಗ ಹಬ್ಬ ಹತ್ರ ಬಂತಂದ್ರ ಒಬ್ಬಾಂವ ಬುಟ್ಟಿ ತಗೊಂಡು ಬರ್ತಾನ. ಮುದಿ ಹ್ಯಾಟಿ ಕಾಲು ಕಟ್ಟಿ ಒಯ್ತಾನ. ಅದು ಒದರೂದು ನನ್ನ ದೇವರಮನಿಗೆ ಕೇಳ್ತದ. ಇದನ್ನ ಯಾವ ಅರ್ಜ್ಯಾಗ ಬರೀಲಿ?”

ಇದಕ್ಕೆ ನಾನು ಉತ್ತರ ಕೊಡಲಿಲ್ಲ. ಒಬ್ಬರ ಊಟವು ಮತ್ತೊಬ್ಬರ ಅರ್ಜಿಗೆ ವಿಷಯವಾಗಲಾರದು. ಅದು ಮಾಸ್ತರರಿಗೂ ಗೊತ್ತಿದ್ದುದರಿಂದಲೇ ಬರೆಯದೆ ಬಿಟ್ಟಿದ್ದರು. ಹಾಗೆಂದು ಅವರ ಸಂಕಟವನ್ನು ಸುಳ್ಳೆನ್ನಲಾದೀತೆ?

ರಾತ್ರಿ ಊಟಕ್ಕೆ ಕುಳಿತಾಗ ಎಲ್ಲವನ್ನೂ ಅಕ್ಕನಿಗೆ ಹೇಳಿದೆನು. ಮಾಸ್ತರರ ಪತ್ನಿಗೆ ನಿದ್ದೆಯಿಲ್ಲದ ಸಂಗತಿಯನ್ನು ಕೇಳಿ ಅವಳ ಕೈತುತ್ತು ಅಲ್ಲಿಯೇ ನಿಂತಿತು. “ಇಷ್ಟ ಬಾಯಿಬಿಟ್ಟು ಹೇಳಿದ್ರ ಆ ಹುಂಜಾ ನಾ ಎಂದೋ ಕಳಿಸ್ತಿದ್ದೆ. ‘ನಿಮ್ಮ ಕೋಳಿ, ನಿಮ್ಮ ಕೋಳಿ’ ಅಂತ ಗ್ವಾಡಿ ಮ್ಯಾಲಿಂದ ಒದರಿದ್ರ ಯಾರಿಗೆ ತಿಳಿಬೇಕು?” ಎಂದಳು. ಬುಟ್ಟಿಯವನ ಮಾತಿಗೆ ಮಾತ್ರ ಅವಳ ದನಿ ಗಡುಸಾಯಿತು. “ಮುದಿ ಹ್ಯಾಟಿಗೆ ಕಾಳು ಹಾಕಿ ಕೂಡ್ರಸಾಕ ನನಗ ಪೆನ್ಶನ್ ಎಷ್ಟ ಬರ್ತದ, ಮಾಸ್ತರಿಗೆ ಗೊತ್ತೈತೇನು?” ತುಸು ಹೊತ್ತಿನ ಮೇಲೆ ತಾನೇ, “ಆಂವನ್ನ ಹಿತ್ತಲಕ್ಕ ಕರೆಯೂದಿಲ್ಲ. ಬುಟ್ಟಿ ಒಳಗ ಹಾಕಿ ನಾನ ಓಣಿ ದಾಟಿಸಿ ಕೊಟ್ಟು ಬರ್ತೀನಿ,” ಎಂದಳು. ಅದು ಅರ್ಧ ಒಪ್ಪಂದ. ಅವಳ ಗಂಟಲಿನಿಂದ ಹೊರಟುದು ಅಷ್ಟೇ.

ಹುಂಜವನ್ನು ಬಂದ ಹಳ್ಳಿಗೇ ಕಳಿಸಿದೆವು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ ಅಜ್ಜಿಯ ಕಥೆಯನ್ನು ನೆನೆದು ಅಕ್ಕ ಕಣ್ಣೊರಸಿಕೊಂಡಳು, ನಕ್ಕಳು. ಗೂಡನ್ನು ಸರಿಸಲು ಮಾಸ್ತರರೇ ಒಂದು ಕೈ ಹಚ್ಚಿದರು. ಹಚ್ಚಿದ ಮೇಲೆ ಸ್ನಾನ ಮಾಡಿದರೆಂಬುದೂ ನಿಜ. ಅರ್ಜಿಯ ಕಾಗದವು ಏನಾಯಿತೋ ನಾನು ಕೇಳಲಿಲ್ಲ.

ದೀಪಾವಳಿಗೆ ಮತ್ತೆ ಹೋದಾಗ ಗೌಂಡಿಯು ಬಂದು ಗೋಡೆಯನ್ನು ಎದೆಯೆತ್ತರಕ್ಕೆ ಕಟ್ಟಿದ್ದನು, ಖರ್ಚು ಸಮಪಾಲು. ಮಾಸ್ತರರ ಕಡೆಯಲ್ಲಿ ಗುಲಾಬಿಯ ಬುಡಕ್ಕೆ ಕಪ್ಪು ಗೊಬ್ಬರ ಬಿದ್ದಿತ್ತು. ಗೋಡೆಯ ಈ ಕಡೆ ಅಕ್ಕ, ಆ ಕಡೆ ಮಾಸ್ತರರು ನಿಂತು ಗಟ್ಟಿಯಾಗಿ ಮಾತಾಡುತ್ತಿದ್ದರು. ಗೋಡೆಯ ನೆತ್ತಿಗೆ ಗಾರೆ ಹಾಕುವಾಗ ಇಳಿಜಾರನ್ನು ಯಾರ ಕಡೆಗೆ ಕೊಡಬೇಕು, ಮಳೆಯ ನೀರು ಯಾರ ಹಿತ್ತಿಲಿಗೆ ಬೀಳಬೇಕು ಎಂಬುದು ವಾದದ ವಿಷಯ. “ನೀರು ನಿಮ್ಮ ಕಡೇನ ಬೀಳಬೇಕಲ್ರಿ ಮಾಸ್ತರ, ಗುಲಾಬಿ ನಿಮ್ಮವು,” ಎಂದು ಅಕ್ಕ. “ಗೂಡು ಒಣಾ ಇರಲಿ ಅಂತ ನೀವು ಹೇಳ್ತೀರಿ, ಗೊತ್ತದ ಬಾಯಾರ,” ಎಂದು ಮಾಸ್ತರರು. ಗೌಂಡಿಯು ಕರಣಿಯನ್ನು ಕೆಳಗಿಟ್ಟು, ನುಗ್ಗಿಯ ನೆರಳಿನಲ್ಲಿ ಚಹಕ್ಕಾಗಿ ಕಾಯುತ್ತ ಕುಳಿತಿದ್ದನು.